ತಲೆಕೆಳಗಾದ ರಾಣಿ ಮತ್ತು ತಪ್ಪಿನ ಬೆಲೆ

1854ರಲ್ಲಿ ಕಲ್ಕತ್ತೆಯ ಸರ್ವೇ ಕಚೇರಿಯ ಮುದ್ರಣಾಲಯದಲ್ಲಿ ಯಾರೋ ಒಬ್ಬ ಕೆಲಸಗಾರ ಒಂದು ಬಣ್ಣ ಅಚ್ಚಾಗಿದ್ದ ಹಾಳೆಯನ್ನು ಇನ್ನೊಂದು ಬಣ್ಣಕ್ಕಾಗಿ ಮತ್ತೆ ಕಲ್ಲಿನ ಮೇಲಿಟ್ಟ. ಇಡುವಾಗ ಹಾಳೆಯ ಮೇಲು ಕೆಳಗಾಗಿತ್ತು. ಹೀಗೆ ಕೆಲವು ಹಾಳೆಗಳಲ್ಲಿ ವಿಕ್ಟೋರಿಯಾ ರಾಣಿ ತನ್ನ ಚೌಕಟ್ಟಿನೊಳಗೆ ತಲೆಕೆಳಗಾಗಿ ನಿಂತಳು. ಇಂದು ಆ ನಾಲ್ಕಾಣೆ ಚೀಟಿಯನ್ನು ಭಾರತದ ಅಂಚೆಚೀಟಿಗಳಲ್ಲೇ ಅತ್ಯಂತ ಹೆಸರಾದದ್ದು ಎನ್ನುತ್ತಾರೆ. ಆದರೆ ನನ್ನನ್ನು ಹೆಚ್ಚು ಕಾಡುವುದು ಆ ಕೆಲಸಗಾರ ಎಡವಿದ್ದಲ್ಲ. ಆಮೇಲೆ ಇಪ್ಪತ್ತು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಅದು.

ಆ ವರ್ಷ ಕಂಪನಿ ಸರ್ಕಾರಕ್ಕೆ ಅವಸರವಿತ್ತು. ಡಾಲ್‌ಹೌಸಿಯ ಕಾಲ. ದೂರ ನೋಡಿ ದರ ಹೇಳುವ ಹಳೆಯ ಪದ್ಧತಿ ಹೋಗಿ, ದೇಶದ ಯಾವ ಮೂಲೆಗಾದರೂ ಕಾಲು ತೊಲ ತೂಕದ ಪತ್ರಕ್ಕೆ ಅರ್ಧ ಆಣೆ ಎಂಬ ಏಕರೂಪದ ದರ ಜಾರಿಗೆ ಬರುವುದಿತ್ತು. ಅದಕ್ಕೆ ಚೀಟಿ ಬೇಕು. ಇಂಗ್ಲೆಂಡಿನಲ್ಲಿ ಅಚ್ಚುಹಾಕಿಸಿ ಹಡಗಿನಲ್ಲಿ ತರಿಸುವಷ್ಟು ವ್ಯವಧಾನವಿಲ್ಲ. ಕಲ್ಕತ್ತೆಯ ಟಂಕಸಾಲೆಯಲ್ಲಿ ನಡೆದ ಪ್ರಯತ್ನ ಕೈಗೂಡಲಿಲ್ಲ. ಕೊನೆಗೆ ಹೊಣೆ ಬಿದ್ದದ್ದು ಸರ್ವೇ ಇಲಾಖೆಯ ಕ್ಯಾಪ್ಟನ್ ಹೆನ್ರಿ ಲ್ಯಾಂಡರ್ ಥುಯಿಲಿಯರ್ ಹೆಗಲಿಗೆ. ಆತನ ಬಳಿ ಇದ್ದದ್ದು ನಕ್ಷೆ ಅಚ್ಚುಹಾಕುವ ಕಲ್ಲಚ್ಚು.

ಕಲ್ಲಚ್ಚು ಕನ್ನಡಿಗರಿಗೆ ಹೊಸದಲ್ಲ. 1843ರಲ್ಲಿ ಮಂಗಳೂರಿನಲ್ಲಿ ಮೊಗ್ಲಿಂಗ್ ಹೊರತಂದ ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಇದೇ ವಿಧಾನದಲ್ಲಿ. ನುಣ್ಣನೆಯ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಚಿತ್ರ ಮೂಡಿಸಿ ಕಲ್ಲನ್ನು ನೀರಿನಿಂದ ಒದ್ದೆ ಮಾಡುತ್ತಾರೆ. ಜಿಡ್ಡಿದ್ದ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ, ಒದ್ದೆ ಕಡೆ ಹಿಡಿಯುವುದಿಲ್ಲ. ಮೇಲೆ ಕಾಗದ ಇಟ್ಟು ಒತ್ತಿದರೆ ಆಯಿತು. ಇನ್ನೊಂದು ಕಾಕತಾಳೀಯ: ಮಂಗಳೂರಿಗೆ ಮುದ್ರಣ ತಂದ ಮಿಷನ್ನಿನ ತವರೂರಾದ ಬಾಸೆಲ್ ನಗರವೇ 1845ರಲ್ಲಿ ಒಂದಕ್ಕಿಂತ ಹೆಚ್ಚು ಬಣ್ಣವಿದ್ದ ಜಗತ್ತಿನ ಮೊದಲ ಅಂಚೆಚೀಟಿಯನ್ನು, ಬಿಳಿ ಪಾರಿವಾಳದ ಚಿತ್ರವಿದ್ದುದನ್ನು, ಹೊರಡಿಸಿತ್ತು. ಥುಯಿಲಿಯರ್‌ನ ನಾಲ್ಕಾಣೆ ಬಂದದ್ದು ಅದಾಗಿ ಒಂಬತ್ತು ವರ್ಷಕ್ಕೆ.

ಮೊದಲಿಗೆ ಥುಯಿಲಿಯರ್ ಅರ್ಧ ಆಣೆಯ ಚೀಟಿಯನ್ನು ಕೆಂಪು ಬಣ್ಣದಲ್ಲಿ ಅಚ್ಚುಹಾಕಲು ಹೊರಟಿದ್ದ. ಇಂಗ್ಲೆಂಡಿನಿಂದ ಬಂದ ಸಿಂಧೂರದ ಬಣ್ಣ ಮುಗಿದುಹೋಯಿತು. ಇಲ್ಲಿ ಸಿಕ್ಕ ಬಣ್ಣ ಕಲ್ಲನ್ನೇ ಹಾಳುಮಾಡಿತು. ಹಾಗಾಗಿ ಅರ್ಧ ಆಣೆ ನೀಲಿಯಾಯಿತು. ಆಗಲೇ ಅಚ್ಚಾಗಿದ್ದ ಕೆಂಪು ಚೀಟಿಗಳು ಅಂಚೆ ಕಚೇರಿಯನ್ನು ಕಾಣಲೇ ಇಲ್ಲ. ಅಂಚಿನ ಅಲಂಕಾರದಲ್ಲಿರುವ ಕಮಾನುಗಳನ್ನು ಎಣಿಸಿ ಸಂಗ್ರಾಹಕರು ಅವನ್ನು ‘ಒಂಬತ್ತೂವರೆ ಕಮಾನು’ ಎಂದು ಕರೆಯುತ್ತಾರೆ.

ನಾಲ್ಕಾಣೆ ಚೀಟಿಗೆ ಎರಡು ಬಣ್ಣ. ಎಂಟು ಮೂಲೆಯ ಚೌಕಟ್ಟು ಕೆಂಪು; ಅದರ ಮೇಲ್ಭಾಗದಲ್ಲಿ ದೇಶದ ಹೆಸರು, ಕೆಳಗೆ ಬೆಲೆ. ಒಳಗೆ ನೀಲಿಯಲ್ಲಿ ರಾಣಿಯ ತಲೆ. ಎರಡು ಬಣ್ಣಕ್ಕೆ ಎರಡು ಕಲ್ಲು. ಹಾಗಾಗಿ ಪ್ರತಿ ಹಾಳೆಯೂ ಎರಡು ಬಾರಿ ಕೈಯಿಂದ ಹಾದುಹೋಗಬೇಕು. ಮೊದಲ ಮುದ್ರಣದಲ್ಲಿ ಒಂದು ಹಾಳೆಗೆ ಹನ್ನೆರಡೇ ಚೀಟಿ, ನಡುವೆ ಧಾರಾಳ ಜಾಗ. ಚೀಟಿಗಳು ಹಾಳೆಯ ಮೇಲೆ ಒಂದೇ ಅಳತೆಯಲ್ಲಿ ಹರಡಿಕೊಂಡಿರುವುದರಿಂದ ಹಾಳೆಯನ್ನು ಪೂರ್ತಿ ತಿರುಗಿಸಿ ಇಟ್ಟರೂ ತಲೆಗಳು ಚೌಕಟ್ಟುಗಳೊಳಗೇ ಬಂದು ಕೂರುತ್ತವೆ. ಅಷ್ಟು ಅಚ್ಚುಕಟ್ಟಾಗಿ ಕೂರುವುದರಿಂದಲೇ ಮುದ್ರಣ ಮುಗಿದ ಮೇಲೆ ಹಾಳೆಗಳನ್ನು ಎಣಿಸುವವನ ಕಣ್ಣಿಗೂ ಅದು ಬೀಳದೆ ಹೋಗಬಹುದು.

ಆಗಿನ ಚೀಟಿಗಳಿಗೆ ಸುತ್ತ ತೂತಿನ ಹಲ್ಲುಗಳಿರಲಿಲ್ಲ. ಕತ್ತರಿಯಿಂದ ಬಿಡಿಸಿಕೊಳ್ಳಬೇಕಿತ್ತು. ಎಂಟು ಮೂಲೆಯ ಚಂದದ ಚೌಕಟ್ಟು ಕಂಡರೆ ಯಾರ ಕತ್ತರಿಯಾದರೂ ಅದರ ಅಂಚನ್ನೇ ಹಿಡಿದು ಹೋಗುತ್ತದೆ. ಹಾಗಾಗಿ ಉಳಿದಿರುವ ತಲೆಕೆಳಗಾದ ನಾಲ್ಕಾಣೆಗಳಲ್ಲಿ ಹೆಚ್ಚಿನವು ಎಂಟು ಮೂಲೆಗೆ ಕತ್ತರಿಸಿದಂಥವು. ಸುತ್ತಲಿನ ಬಿಳಿಯನ್ನು ಉಳಿಸಿ ಚೌಕವಾಗಿ ಕತ್ತರಿಸಿದವು ಎರಡೋ ಮೂರೋ. ಒಟ್ಟು ಲೆಕ್ಕ ಮೂವತ್ತರ ಆಸುಪಾಸು. ಪತ್ರ ಬರೆದವನು ಚೀಟಿ ಕತ್ತರಿಸಿದ, ಹಚ್ಚಿದ. ಗುಮಾಸ್ತ ಠಸ್ಸೆ ಒತ್ತಿದ. ಅಂಚೆಯವನು ಒಯ್ದ. ಪಡೆದವನು ಒಡೆದು ಓದಿದ. ಇಷ್ಟು ಕೈಗಳು ದಾಟಿದರೂ ಯಾರೂ ರಾಣಿಯ ಮುಖವನ್ನು ನೋಡಿದಂತಿಲ್ಲ. ಅದು ಗಮನಕ್ಕೆ ಬಂದದ್ದು 1874ರಲ್ಲಿ, ಲಂಡನ್ನಿನ ಫಿಲಾಟೆಲಿಕ್ ಸೊಸೈಟಿಯ ಸಭೆಯೊಂದರಲ್ಲಿ. ಅಲ್ಲಿಯವರೆಗೆ ಅದರ ಬೆಲೆ ನಾಲ್ಕಾಣೆ. ಠಸ್ಸೆ ಬಿದ್ದ ಮೇಲೆ ಅದೂ ಇಲ್ಲ.

ಹಾಗಾದರೆ ತಪ್ಪಿಗೆ ಬೆಲೆ ಬರುವುದು ಯಾವಾಗ? ತಪ್ಪಾದಾಗಲಂತೂ ಅಲ್ಲ.

ಮೊದಲು ಒಂದು ಸಾಮಾನ್ಯ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಚಿತ್ರ ಬರೆದವನ ತಪ್ಪು ಬೇರೆ, ಅಚ್ಚು ಹಾಕಿದವನ ತಪ್ಪು ಬೇರೆ. 1903ರಲ್ಲಿ ವೆಸ್ಟ್ ಇಂಡೀಸಿನ ಸೇಂಟ್ ಕಿಟ್ಸ್-ನೆವಿಸ್ ದ್ವೀಪಗಳು ಹೊರಡಿಸಿದ ಚೀಟಿಯಲ್ಲಿ ಕೊಲಂಬಸ್ ಹಡಗಿನ ಮೇಲೆ ನಿಂತು ದೂರದರ್ಶಕದಲ್ಲಿ ದಡ ಹುಡುಕುತ್ತಿದ್ದಾನೆ. ದೂರದರ್ಶಕ ಬಂದದ್ದು ಅವನು ಸತ್ತು ನೂರು ವರ್ಷವಾದ ಮೇಲೆ. 1932ರಲ್ಲಿ ಫಿಲಿಪೀನ್ಸ್ ತನ್ನ ಪಗ್ಸಾನ್ಹಾನ್ ಜಲಪಾತದ ಹೆಸರಿನಲ್ಲಿ ಅಚ್ಚುಹಾಕಿದ್ದು ಅಮೆರಿಕದ ಯೊಸೆಮಿಟಿಯ ಜಲಪಾತವೊಂದರ ಚಿತ್ರ. ಓದಿದವರು ನಗಬಹುದು, ತರಗತಿಯಲ್ಲಿ ಹೇಳಬಹುದು. ಆದರೆ ಆ ತಪ್ಪು ಪ್ರತಿಯೊಂದು ಚೀಟಿಯಲ್ಲೂ ಇದೆ. ಎಲ್ಲರ ಬಳಿ ಇರುವ ತಪ್ಪಿಗೆ ಪೇಟೆಯಲ್ಲಿ ಬೆಲೆಯಿಲ್ಲ.

ಅಚ್ಚಿನ ತಪ್ಪುಗಳಲ್ಲೂ ಜಾತಿಗಳಿವೆ. ಅಚ್ಚಿನ ಫಲಕದಲ್ಲೇ ಒಂದು ಗೀರು ಬಿದ್ದಿದ್ದರೆ ಪ್ರತಿ ಹಾಳೆಯಲ್ಲೂ ಅದೇ ಜಾಗದಲ್ಲಿ ಆ ಗೀರು ಬರುತ್ತದೆ. ಅದನ್ನು ಹುಡುಕಿ ಹೊಂದಿಸುವುದರಲ್ಲೇ ಆಯುಷ್ಯ ಕಳೆದವರಿದ್ದಾರೆ, ದೊಡ್ಡ ಹಣಕ್ಕಲ್ಲ, ಆ ಸುಖಕ್ಕೆ. ಬಣ್ಣ ಒಂದಿಷ್ಟು ಸರಿದಿರುವುದು, ಹಲ್ಲುಗಳು ಚಿತ್ರದ ಮೇಲೇ ಬಿದ್ದಿರುವುದು, ಶಾಯಿ ಚೆಲ್ಲಿರುವುದು, ಇವು ಯಂತ್ರದ ಮುಗ್ಗರಿಕೆಗಳು. ಎರಡು ಚೀಟಿಗಳಲ್ಲಿ ಒಂದೇ ರೀತಿ ಇರುವುದಿಲ್ಲ. ಅಜ್ಜನ ಆಲ್ಬಮ್ಮಿನಲ್ಲಿ ಸಿಕ್ಕಿತೆಂದು ಜನ ಆಸೆಯಿಂದ ತೋರಿಸುವುದು ಹೆಚ್ಚಾಗಿ ಇಂಥದ್ದನ್ನೇ. ನೋಡಲು ಮೋಜು, ಬೆಲೆ ಮಾತ್ರ ಅವರು ಅಂದುಕೊಂಡಷ್ಟಿರುವುದಿಲ್ಲ. ಒಂದು ಬಣ್ಣವೇ ಪೂರ್ತಿ ಬಿಟ್ಟುಹೋಗಿರುವುದು, ಹಲ್ಲುಗಳೇ ಇಲ್ಲದಿರುವುದು, ಒಂದು ಬೆಲೆಯ ಚೀಟಿ ಇನ್ನೊಂದರ ಬಣ್ಣದಲ್ಲಿ ಬಂದಿರುವುದು, ಒಳಚಿತ್ರ ತಲೆಕೆಳಗಾಗಿರುವುದು: ಸಂಗ್ರಾಹಕರು ಪೂರ್ಣ ಅರ್ಥದಲ್ಲಿ ತಪ್ಪು ಎನ್ನುವುದು ಇಂಥವನ್ನು. ಮುದ್ರಣಾಲಯದ ಕಾವಲು ದಾಟಿ, ಕೌಂಟರಿನಲ್ಲಿ ನ್ಯಾಯವಾಗಿ ಮಾರಾಟವಾಗಿ ಹೊರಬಂದಿದ್ದರೆ ಮಾತ್ರ ಅದಕ್ಕೆ ಪೂರ್ತಿ ಗೌರವ. ಹಿಂಬಾಗಿಲಿನಿಂದ ಹೊರಬಿದ್ದ ರದ್ದಿ ಹಾಳೆಗೆ ಆ ಗೌರವವಿಲ್ಲ.

ಹೀಗೆ ಹೊರಬಂದವುಗಳಲ್ಲಿ ಅತಿ ಪ್ರಸಿದ್ಧ ಅಮೆರಿಕದ ‘ತಲೆಕೆಳಗಾದ ಜೆನ್ನಿ’. 1918ರ ಮೇ 15ಕ್ಕೆ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ನಡುವೆ ವಿಮಾನ ಅಂಚೆ ಶುರುವಾಗುವುದಿತ್ತು. ಅದಕ್ಕಾಗಿ 24 ಸೆಂಟಿನ ಚೀಟಿ: ಕೆಂಪು ಚೌಕಟ್ಟು, ಒಳಗೆ ನೀಲಿ ಬಣ್ಣದ ಕರ್ಟಿಸ್ ಜೆನ್ನಿ ವಿಮಾನ. ಮತ್ತೆ ಎರಡು ಬಣ್ಣ, ಮತ್ತೆ ಅವಸರ. ವಿಲಿಯಂ ರೋಬಿ ಎಂಬ ಗುಮಾಸ್ತ ಸುದ್ದಿ ತಿಳಿದ ಕೂಡಲೇ ಲೆಕ್ಕ ಹಾಕಿದ. ಎರಡು ಬಣ್ಣವೆಂದರೆ ತಿರುವುಮುರುವಾಗುವ ಸಂಭವ ಇದೆಯೆಂದು ಗೆಳೆಯನಿಗೆ ಪತ್ರವನ್ನೂ ಬರೆದ. ಮೇ 14ರಂದು ಬ್ಯಾಂಕಿನಿಂದ ಹಣ ತೆಗೆದುಕೊಂಡು ನ್ಯೂಯಾರ್ಕ್ ಅವೆನ್ಯೂ ಅಂಚೆ ಕಚೇರಿಗೆ ಹೋಗಿ ನೂರು ಚೀಟಿಗಳ ಹಾಳೆ ಕೇಳಿದ. ಗುಮಾಸ್ತ ಕೌಂಟರಿನ ಮೇಲಿಟ್ಟ ಹಾಳೆಯಲ್ಲಿ ನೂರೂ ವಿಮಾನಗಳು ಬೆನ್ನಡಿಯಾಗಿ ಹಾರುತ್ತಿದ್ದವು. ರೋಬಿ ತುಟಿ ಬಿಚ್ಚದೆ 24 ಡಾಲರ್ ಕೊಟ್ಟ. ಹಾಳೆ ಕೈಗೆ ಬಂದ ಮೇಲೆ, ಇಂಥದ್ದೇ ಇನ್ನೂ ಇವೆಯೇ ಎಂದು ಕೇಳಿದ. ಗುಮಾಸ್ತ ಮಾರಾಟ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಅಂಚೆ ಇಲಾಖೆಯ ತನಿಖಾಧಿಕಾರಿಗಳು ಹಾಳೆಯನ್ನು ವಾಪಸು ಕೇಳಿಕೊಂಡು ಬಂದರು. ರೋಬಿ ಕೊಡಲಿಲ್ಲ.

ಕಲ್ಕತ್ತೆಗೂ ವಾಷಿಂಗ್ಟನ್ನಿಗೂ ಇರುವ ವ್ಯತ್ಯಾಸ ಇದು. ತಪ್ಪು ಒಂದೇ, ಅದಾದ ಬಗೆಯೂ ಒಂದೇ. ಇಲ್ಲಿ ಇಪ್ಪತ್ತು ವರ್ಷ ನೋಡುವ ಕಣ್ಣಿರಲಿಲ್ಲ. ಅಲ್ಲಿ ತಪ್ಪಿಗಿಂತ ಮೊದಲೇ ಕಣ್ಣು ಹೋಗಿ ಕಾದು ಕುಳಿತಿತ್ತು. ಒಂದು ವಾರದೊಳಗೆ ಆ ಹಾಳೆ ಫಿಲಡೆಲ್ಫಿಯಾದ ವ್ಯಾಪಾರಿ ಯೂಜೀನ್ ಕ್ಲೈನ್‌ಗೆ 15,000 ಡಾಲರಿಗೆ ಮಾರಾಟವಾಯಿತು. ಕ್ಲೈನ್ ಅದನ್ನು ಸಿರಿವಂತ ಸಂಗ್ರಾಹಕ ಕರ್ನಲ್ ಗ್ರೀನ್‌ಗೆ 20,000ಕ್ಕೆ ದಾಟಿಸಿದ. ಹೊರಗೆ ಬಂದದ್ದು ಆ ಒಂದೇ ಹಾಳೆ. ಆಮೇಲಿನ ಮುದ್ರಣಗಳಲ್ಲಿ ಅಚ್ಚಿನ ಫಲಕದ ಮೇಲ್ಗಡೆ ‘ಇದು ಮೇಲು’ ಎಂಬರ್ಥದ ಪದವನ್ನೇ ಕೆತ್ತಿಬಿಟ್ಟರು. (ಚೀಟಿಯ ಚಿತ್ರದಲ್ಲಿರುವ ವಿಮಾನದ ನಂಬರು 38262. ಮೊದಲ ದಿನ ವಾಷಿಂಗ್ಟನ್ನಿನಿಂದ ಹೊರಟ ವಿಮಾನದ ನಂಬರೂ ಅದೇ. ಉತ್ತರಕ್ಕೆ ಹೋಗಬೇಕಾದ ಅದರ ಪೈಲಟ್ ದಾರಿ ತಪ್ಪಿ ದಕ್ಷಿಣಕ್ಕೆ ಹೋಗಿ, ಮೇರಿಲ್ಯಾಂಡಿನ ಹೊಲವೊಂದರಲ್ಲಿ ಇಳಿಯುವಾಗ ವಿಮಾನವನ್ನು ಮುರಿದುಕೊಂಡ.)

ರೋಬಿಯಿಂದ ಹಾಳೆ ಕಸಿದುಕೊಳ್ಳಲಾಗದ ಇಲಾಖೆಗೆ ಇನ್ನೊಂದು ದಾರಿಯಿತ್ತು. 1918ರಲ್ಲಿ ಅದು ಯಾರಿಗೂ ಹೊಳೆಯಲಿಲ್ಲ, 1962ರಲ್ಲಿ ಹೊಳೆಯಿತು. ಹಿಂದಿನ ವರ್ಷ ಆಫ್ರಿಕಾದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ನೆನಪಿಗೆ ಅಮೆರಿಕ ಅಕ್ಟೋಬರಿನಲ್ಲಿ ನಾಲ್ಕು ಸೆಂಟಿನ ಚೀಟಿ ತಂದಿತು. ನ್ಯೂಜೆರ್ಸಿಯ ಆಭರಣದ ವ್ಯಾಪಾರಿ ಲಿಯೊನಾರ್ಡ್ ಶೆರ್ಮನ್ ಕೊಂಡ ಐವತ್ತು ಚೀಟಿಗಳ ಹಾಳೆಯಲ್ಲಿ ಹಿನ್ನೆಲೆಯ ಹಳದಿ ತಲೆಕೆಳಗಾಗಿತ್ತು. ಲಕ್ಷಾಂತರ ಡಾಲರಿನ ಮಾತು ಹಬ್ಬಿತು. ಪೋಸ್ಟ್‌ಮಾಸ್ಟರ್ ಜನರಲ್ ಎಡ್ವರ್ಡ್ ಡೇ ಅಚ್ಚಿನ ತಪ್ಪಿನಿಂದ ಯಾರೋ ಶ್ರೀಮಂತರಾಗುವುದು ಸರಿಯಲ್ಲವೆಂದು, ಅದೇ ತಪ್ಪಿನೊಂದಿಗೆ ನಾಲ್ಕು ಕೋಟಿ ಚೀಟಿಗಳನ್ನು ಬೇಕೆಂದೇ ಅಚ್ಚುಹಾಕಿಸಿದ.

ಶೆರ್ಮನ್ ನ್ಯಾಯಾಲಯಕ್ಕೆ ಹೋದ. ಅಷ್ಟರಲ್ಲಾಗಲೇ ಮರುಮುದ್ರಣದ ಲಕ್ಷಗಟ್ಟಲೆ ಚೀಟಿಗಳು ಬಿಕರಿಯಾಗಿದ್ದವು. ಕೊನೆಗೆ ಅವನಿಗೆ ಸಿಕ್ಕದ್ದು, ನಿನ್ನ ಹಾಳೆ ಮೂಲ ತಪ್ಪಿನದು ಎಂಬ ಇಲಾಖೆಯ ಒಪ್ಪಿಗೆ ಮಾತ್ರ. ಆ ಹಾಳೆಯನ್ನು ಅವನು 1987ರಲ್ಲಿ ಅಮೆರಿಕನ್ ಫಿಲಾಟೆಲಿಕ್ ಸೊಸೈಟಿಗೆ ದಾನ ಮಾಡಿದ. ತಪ್ಪು ಹ್ಯಾಮರ್‌ಷೋಲ್ಡ್ ಚೀಟಿಯನ್ನು ಇಂದು ಒಂದು ಚಹಾದ ದುಡ್ಡಿಗೆ ಕೊಳ್ಳಬಹುದು.

ಡೇ ಮಾಡಿದ್ದು ಸರಿಯೇ ತಪ್ಪೇ ಎಂದು ಸಂಗ್ರಾಹಕರು ಈಗಲೂ ವಾದಿಸುತ್ತಾರೆ. ಸಾರ್ವಜನಿಕ ಆಸ್ತಿಯ ಮೇಲೆ ಲಾಟರಿ ನಡೆಯಬಾರದು ಎಂಬ ಅವನ ತರ್ಕದಲ್ಲಿ ನ್ಯಾಯವಿದೆ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ನನಗೆ ಒಪ್ಪಿಗೆಯಿಲ್ಲ. ಶೆರ್ಮನ್ ಕೊಟ್ಟದ್ದು ನ್ಯಾಯವಾದ ಬೆಲೆ, ಕೊಂಡದ್ದು ಸರ್ಕಾರವೇ ಮಾರಿದ ಸರಕು. ತನ್ನ ಮುದ್ರಣಾಲಯದ ಅಜಾಗರೂಕತೆಯನ್ನು ಮುಚ್ಚಲು ಸರ್ಕಾರ ಒಬ್ಬ ಗಿರಾಕಿಯ ಕೈಯಲ್ಲಿದ್ದುದನ್ನು ಕಾಗದದ ಚೂರಾಗಿಸಿತು. ಅದಕ್ಕೆ ಬಳಸಿದ ಅಸ್ತ್ರ ಮಾತ್ರ ಅಚ್ಚರಿಯದು. ತಪ್ಪನ್ನು ತಿದ್ದಲಿಲ್ಲ, ಹೆಚ್ಚಿಸಿತು.

ಸರ್ಕಾರ ಕೈಹಾಕದಿದ್ದರೂ ಬೆಲೆ ಒಂದು ದಿನದಲ್ಲಿ ಕುಸಿಯಬಹುದು. ಸ್ವೀಡನ್ನಿನ ‘ಹಳದಿ ಮೂರು ಸ್ಕಿಲ್ಲಿಂಗ್’ ಆ ಭಯವನ್ನು ಕಂಡದ್ದು. 1855ರಲ್ಲಿ ಸ್ವೀಡನ್ ಹೊರಡಿಸಿದ ಮೊದಲ ಚೀಟಿಗಳಲ್ಲಿ ಮೂರು ಸ್ಕಿಲ್ಲಿಂಗಿನದು ನೀಲಿಹಸಿರು, ಎಂಟರದ್ದು ಹಳದಿ. ಎಂಟರ ಫಲಕದಲ್ಲಿ ಹಾಳಾದ ಒಂದು ಅಚ್ಚಿನ ಬದಲು ಮೂರರ ಅಚ್ಚನ್ನು ಸೇರಿಸಿರಬೇಕು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. 1886ರಲ್ಲಿ ಗೇಯೋರ್ಗ್ ಬಾಕ್‌ಮನ್ ಎಂಬ ಶಾಲಾ ಹುಡುಗ ಅಜ್ಜಿಯ ಹಳೆಯ ಪತ್ರಗಳ ನಡುವೆ ಅದನ್ನು ಕಂಡು, ಸ್ಟಾಕ್‌ಹೋಮಿನ ವ್ಯಾಪಾರಿಗೆ ಏಳು ಕ್ರೋನರಿಗೆ ಮಾರಿದ. ಜಗತ್ತಿನಲ್ಲಿ ಅಂಥದ್ದು ಇನ್ನೊಂದು ಸಿಗಲಿಲ್ಲ. 1970ರ ದಶಕದ ಮಧ್ಯದಲ್ಲಿ ಸ್ವೀಡನ್ನಿನ ಅಂಚೆ ವಸ್ತುಸಂಗ್ರಹಾಲಯವೇ ಅದನ್ನು ನಕಲಿ ಎಂದುಬಿಟ್ಟಿತು. ಮತ್ತೆ ಪರೀಕ್ಷೆಗಳು ನಡೆದು, ಅದು ಅಸಲಿ ಎಂಬ ತೀರ್ಮಾನ ಬಂತು. 1996ರ ಹರಾಜಿನಲ್ಲಿ ಅದಕ್ಕೆ 28.7 ಲಕ್ಷ ಸ್ವಿಸ್ ಫ್ರಾಂಕ್ ಸಿಕ್ಕಿತು. ನಕಲಿ ಎಂದ ದಿನಕ್ಕೂ ಅಸಲಿ ಎಂದ ದಿನಕ್ಕೂ ನಡುವೆ ಆ ಕಾಗದದಲ್ಲಿ, ಆ ಹಳದಿಯಲ್ಲಿ ಒಂದು ಕೂದಲಿನಷ್ಟೂ ಬದಲಾಗಿರಲಿಲ್ಲ.

ತಪ್ಪೇ ಅಲ್ಲದ್ದು ತಪ್ಪೆಂಬ ಹೆಸರು ಹೊತ್ತು ಬದುಕುವುದೂ ಉಂಟು. ಮಾರಿಷಸ್ 1847ರಲ್ಲಿ ಹೊರಡಿಸಿದ ಒಂದು ಪೆನ್ನಿ, ಎರಡು ಪೆನ್ಸ್ ಚೀಟಿಗಳ ಮೇಲೆ ‘ಪೋಸ್ಟ್ ಆಫೀಸ್’ ಎಂದಿದೆ. ಮರುವರ್ಷದ ಚೀಟಿಗಳಲ್ಲಿ ‘ಪೋಸ್ಟ್ ಪೇಡ್’. ಕೆತ್ತನೆಗಾರ ಜೋಸೆಫ್ ಬಾರ್ನಾರ್ಡ್ ಮರೆಗುಳಿ, ಏನು ಕೆತ್ತಬೇಕೆಂದು ಕೇಳಲು ಹೋದವನು ದಾರಿಯಲ್ಲಿ ಅಂಚೆ ಕಚೇರಿಯ ಫಲಕ ನೋಡಿ ಅದನ್ನೇ ಕೆತ್ತಿದ ಎಂಬ ಕಥೆ 1928ರ ಒಂದು ಫ್ರೆಂಚ್ ಪುಸ್ತಕದಿಂದ ಹಬ್ಬಿತು. ಚೆನ್ನಾದ ಕಥೆ, ಸುಳ್ಳು ಕಥೆ. ಆ ಕಾಲದಲ್ಲಿ ‘ಪೋಸ್ಟ್ ಆಫೀಸ್’ ಎಂಬ ಬರಹ ಅಲ್ಲಿನ ಅಂಚೆ ಮುದ್ರೆಗಳಲ್ಲೂ ಇತ್ತು. ಬಾರ್ನಾರ್ಡ್ ಹೇಳಿದ್ದನ್ನು ಹೇಳಿದಂತೆ ಮಾಡಿದ್ದ. ಐನೂರೈನೂರು ಅಚ್ಚಾಗಿ ಈಗ ಒಟ್ಟು 27 ಉಳಿದಿರುವುದರಿಂದ ಅವಕ್ಕೆ ಆ ಬೆಲೆ. ಪಾಪ, ಕೆತ್ತನೆಗಾರನಿಗೆ ಮಾತ್ರ ಮರೆಗುಳಿ ಎಂಬ ಹೆಸರು ಅಂಟಿಕೊಂಡಿತು.

ಒಂದು ತಪ್ಪು ನಿಜವೇ ಎಂದು ತಿಳಿಯಲು ಬೇಕಾದ ಸಾಮಾನು ಕಡಿಮೆ: ಚಿಮುಟ, ಭೂತಗನ್ನಡಿ, ಹಲ್ಲುಗಳನ್ನು ಅಳೆಯುವ ಪಟ್ಟಿ, ನೇರಳಾತೀತ ದೀಪ. ಬೇಕಾದ ಅನುಮಾನ ಮಾತ್ರ ಹೆಚ್ಚು. ‘ಹಲ್ಲಿಲ್ಲದ ಚೀಟಿ’ ಒಂಟಿಯಾಗಿ ಬಂದರೆ ನಂಬುವಂತಿಲ್ಲ. ಅಂಚು ಅಗಲವಾಗಿರುವ ಸಾಧಾರಣ ಚೀಟಿಯ ನಾಲ್ಕೂ ಬದಿ ಕತ್ತರಿಸಿದರೆ ಅದೂ ಹಲ್ಲಿಲ್ಲದ್ದೇ. ಅದಕ್ಕೇ ಜೋಡಿ ಚೀಟಿ ಕೇಳುತ್ತಾರೆ: ಎರಡರ ನಡುವೆ ಇರಬೇಕಾದ ಹಲ್ಲಿನ ಸಾಲು ಇಲ್ಲದಿರುವುದನ್ನು ಕತ್ತರಿಯಿಂದ ಮಾಡಲಾಗದು. ‘ಬಣ್ಣ ಬಿಟ್ಟುಹೋದ’ ಚೀಟಿಯ ಹಿಂದೆ ಬಹಳ ಸಲ ಇರುವುದು ಕಿಟಕಿಯ ಬಿಸಿಲು ಅಥವಾ ಯಾವುದೋ ರಾಸಾಯನಿಕ. ಹಸಿರಿನಿಂದ ಹಳದಿ ಕಳೆದರೆ ನೀಲಿ ಉಳಿಯುತ್ತದೆ. ಆದರೆ ಮರೆಯಲ್ಲಿದ್ದ ಒಂದೆರಡು ಚುಕ್ಕೆ ಬಣ್ಣ ಭೂತಗನ್ನಡಿಗೆ ಸಿಕ್ಕಿಬೀಳುತ್ತದೆ. ಇವೆಲ್ಲ ದಾಟಿದ ಮೇಲೂ ದೊಡ್ಡ ಬೆಲೆಯ ಚೀಟಿ ತಜ್ಞರ ಸಮಿತಿಯ ಪ್ರಮಾಣಪತ್ರವಿಲ್ಲದೆ ಮಾರಾಟವಾಗುವುದಿಲ್ಲ. ಅಂಥ ಸಮಿತಿಗಳಲ್ಲಿ ಹೆಸರಾದ ಒಂದು, 1874ರಲ್ಲಿ ನಮ್ಮ ನಾಲ್ಕಾಣೆಯನ್ನು ಗುರುತಿಸಿದ ಅದೇ ಲಂಡನ್ ಸೊಸೈಟಿಯದು.

ಆಮೇಲೆ ಬರುವುದು ಮೈಕಟ್ಟು. ಚಿತ್ರ ನಡುವೆ ಕೂತಿದೆಯೇ, ಹಿಂಬದಿಯ ಅಂಟು ಮೂಲದ್ದೇ, ಆಲ್ಬಮ್ಮಿಗೆ ಹಚ್ಚಿದ ಪಟ್ಟಿಯ ಗುರುತಿದೆಯೇ, ಬಿಸಿಲು ತಾಗಿದೆಯೇ. 2023ರಲ್ಲಿ ಒಂದು ಜೆನ್ನಿ 20 ಲಕ್ಷ ಡಾಲರ್ ದಾಟಿದ್ದಕ್ಕೆ ಕಾರಣ ಅದು ಬಹುಕಾಲ ಬ್ಯಾಂಕಿನ ಕತ್ತಲೆಯಲ್ಲಿದ್ದು ಬಣ್ಣ ಮಾಸದೆ ಉಳಿದದ್ದು. ಅದು ಹಾಳೆಯ 49ನೆಯ ಚೀಟಿ.

ನಲವತ್ತೊಂಬತ್ತನೆಯದು ಎಂದು ಹೇಗೆ ಗೊತ್ತು? ಹಾಳೆಯನ್ನು ಬಿಡಿಸುವ ಮೊದಲು ಕ್ಲೈನ್‌ನ ಸಲಹೆಯಂತೆ ಪ್ರತಿ ಚೀಟಿಯ ಬೆನ್ನಿಗೂ ಒಂದರಿಂದ ನೂರರವರೆಗೆ ಪೆನ್ಸಿಲಿನಲ್ಲಿ ನಂಬರು ಬರೆದರು. ಒಂದನ್ನು ಗ್ರೀನ್ ತನ್ನ ಹೆಂಡತಿಯ ಪದಕದ ಡಬ್ಬಿಯಲ್ಲಿಟ್ಟ. ಉಳಿದವು ಚೆದುರಿದವು, ಆದರೆ ನೂರಕ್ಕೂ ಒಂದೊಂದು ಚರಿತ್ರೆ ಉಳಿಯಿತು. ಎಥೆಲ್ ಮೆಕಾಯ್ ಎಂಬ ಸಂಗ್ರಾಹಕಿಯ ಬಳಿ ನಾಲ್ಕು ಚೀಟಿಗಳ ಒಂದು ತುಂಡಿತ್ತು. 1955ರಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ನಡೆದ ಪ್ರದರ್ಶನದಿಂದ ಅದು ಕಳುವಾಯಿತು. ಕದ್ದವರು ನಾಲ್ಕನ್ನೂ ಬಿಡಿಬಿಡಿಯಾಗಿ ಹರಿದರು. ಹೀಗೆ ಮಾಡಿದ ಕ್ಷಣವೇ ಅದರ ಅರ್ಧ ಬೆಲೆ ಹೋಯಿತು, ಯಾಕೆಂದರೆ ಒಟ್ಟಾಗಿರುವ ನಾಲ್ಕಕ್ಕೆ ಬಿಡಿ ನಾಲ್ಕಕ್ಕಿಂತ ಎಷ್ಟೋ ಹೆಚ್ಚಿನ ಬೆಲೆ. ಆದರೂ ಪ್ರತಿ ಜೆನ್ನಿಯಲ್ಲೂ ವಿಮಾನ, ಚೌಕಟ್ಟು, ಹಲ್ಲುಗಳು ಕೂತಿರುವ ರೀತಿ ಒಂದೊಂದು ಬಗೆ. ಹಳೆಯ ಚಿತ್ರಗಳೊಂದಿಗೆ ಹೋಲಿಸಿದರೆ ಚೀಟಿ ತನ್ನ ನಂಬರನ್ನು ತಾನೇ ಹೇಳುತ್ತದೆ. ಎರಡು 1980ರ ದಶಕದ ಆರಂಭದೊಳಗೆ ಸಿಕ್ಕವು. ಮೂರನೆಯದು 2016ರಲ್ಲಿ. ಅಷ್ಟರಲ್ಲಿ ಮೆಕಾಯ್ ತೀರಿಕೊಂಡು ಮೂವತ್ತಾರು ವರ್ಷವಾಗಿತ್ತು. ಸಾಯುವ ಮೊದಲು ಆಕೆ ಹಕ್ಕನ್ನು ಅಮೆರಿಕದ ಅಂಚೆಚೀಟಿ ಸಂಶೋಧನಾ ಗ್ರಂಥಾಲಯಕ್ಕೆ ಬರೆದುಕೊಟ್ಟಿದ್ದರು.

ನಾಲ್ಕನೆಯದು, 66ನೆಯ ನಂಬರಿನದು, ಇನ್ನೂ ಹೊರಬಂದಿಲ್ಲ. ಅದು ಯಾರ ಬಳಿಯಿದ್ದರೂ ಅವರು ಅದನ್ನು ಯಾರಿಗೂ ತೋರಿಸುವಂತಿಲ್ಲ.